ಉಟ್ಟ ಬಟ್ಟೆಯ ಗೊಂಬೆಗಳ ಊರಿಗೆ

ಎರ್ಲಾಂಗೆನ್‌ನಲ್ಲಿ ಕೆಲಸ ಮಾಡುವ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರು ನೋಡಬೇಕಾದ ಜಾಗಗಳ ಪಟ್ಟಿ ಅಲ್ಲಿನ ಕನ್ನಡದ ಮನೆಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ನ್ಯೂರೆಂಬರ್ಗಿನ ಕೋಟೆ, ಮ್ಯೂನಿಕ್, ಬಿಡುವಿದ್ದರೆ ಆಲ್ಪ್ಸ್. ಸೊನ್ನೆಬರ್ಗ್ ಆ ಪಟ್ಟಿಯಲ್ಲಿಲ್ಲ. ಹಳೆಯ ಗೊಂಬೆ ಕೂಡಿಡುವ ನನ್ನಂಥ ಹುಚ್ಚರಿಗೆ ಮಾತ್ರ ಅದು ಕಾಶಿ. “ಅಮ್ಮ, ಅಲ್ಲೇನಿದೆ?” ಎಂದು ಕೇಳಿದ ಮಗಳನ್ನೂ ಎಳೆದುಕೊಂಡು ಬೆಳಗಿನ ರೈಲು ಹತ್ತಿದೆ.

ಬಾಂಬರ್ಗ್, ಲಿಶ್ಟೆನ್‌ಫೆಲ್ಸ್, ಕೋಬುರ್ಗ್ ದಾಟಿ ನೊಯ್‌ಶ್ಟಾಟ್ ಬರುತ್ತದೆ. ಅಲ್ಲಿಂದ ಸೊನ್ನೆಬರ್ಗ್ ಕೆಲವೇ ನಿಮಿಷದ ದಾರಿ. ಆದರೆ ಈ ಕೆಲವು ನಿಮಿಷದ ಹಳಿ ದಶಕಗಳ ಕಾಲ ತುಂಡಾಗಿ ಬಿದ್ದಿತ್ತು. ಎರಡನೇ ಮಹಾಯುದ್ಧದ ನಂತರ ನೊಯ್‌ಶ್ಟಾಟ್ ಪಶ್ಚಿಮ ಜರ್ಮನಿಗೆ ಸೇರಿತು, ಸೊನ್ನೆಬರ್ಗ್ ಪೂರ್ವಕ್ಕೆ. ಎಷ್ಟೋ ಗೊಂಬೆ ತಯಾರಕರು ರಾತ್ರೋರಾತ್ರಿ ಈಚೆಗೆ ಬಂದರು, ಆಚೆ ಉಳಿದ ಕಾರ್ಖಾನೆಗಳು ಸರ್ಕಾರದ ಪಾಲಾದವು. ಬರ್ಲಿನ್ ಗೋಡೆ ಬಿದ್ದ ಮೇಲೆ, 1991ರಲ್ಲಿ, ಮತ್ತೆ ರೈಲು ಓಡಿತು. ಈಗ ಕಿಟಕಿಯಾಚೆ ಹೊಲ ಬಿಟ್ಟರೆ ಮತ್ತೇನೂ ಕಾಣುವುದಿಲ್ಲ. ಮಗಳು ಫೋನಿನಲ್ಲಿ ನಕ್ಷೆ ತೆಗೆದು ತೋರಿಸದಿದ್ದರೆ ಗಡಿ ದಾಟಿದ್ದೂ ಗೊತ್ತಾಗುತ್ತಿರಲಿಲ್ಲ.

ಸೊನ್ನೆಬರ್ಗಿನ ಆಟಿಕೆ ಸಂಗ್ರಹಾಲಯ 1901ರದು. ಪೌಲ್ ಕುಂಟ್ಸೆ ಎಂಬ ಶಾಲಾ ಮೇಷ್ಟ್ರು ಕಟ್ಟಿದ್ದು. ಜರ್ಮನಿಯ ಆಟಿಕೆ ಸಂಗ್ರಹಾಲಯಗಳಲ್ಲಿ ಇದೇ ಹಿರಿಯದು. 1910ರ ಬ್ರಸೆಲ್ಸ್ ವಿಶ್ವ ಪ್ರದರ್ಶನಕ್ಕೆಂದು ಈ ಊರಿನವರು ಮಾಡಿ ಕಳಿಸಿದ್ದ ತುರಿಂಗಿಯಾದ ಊರಜಾತ್ರೆಯ ದೃಶ್ಯ ಇಲ್ಲಿದೆ. ಬಂದವರೆಲ್ಲ ಅದರ ಮುಂದೆಯೇ ನಿಲ್ಲುತ್ತಾರೆ. ನಾನೂ ನಿಂತೆ, ಆದರೆ ನನ್ನ ಕಣ್ಣು ಪಕ್ಕದ ಗಾಜಿನ ಕಪಾಟುಗಳ ಮೇಲಿತ್ತು. ನಾನು ಬಂದದ್ದು ಗೊಂಬೆಯ ಮುಖ ನೋಡಲಿಕ್ಕಲ್ಲ, ಬಟ್ಟೆ ನೋಡಲಿಕ್ಕೆ.

ಮುಖದ ಕಥೆ ಸುಲಭ. ಮೆರುಗು ಹಾಕದ ಪಿಂಗಾಣಿಯ ತಲೆ ಅಚ್ಚಿನಿಂದ ಬರುತ್ತದೆ. ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿದ ಅರ್ಮಾಂಡ್ ಮಾರ್ಸೇಯ್ ಎಂಬಾತ 1885ರಲ್ಲಿ ಇಲ್ಲಿಗೆ ಹತ್ತಿರದ ಕೊಪೆಲ್ಸ್‌ಡಾರ್ಫ್‌ನಲ್ಲಿ ಪಿಂಗಾಣಿ ಕಾರ್ಖಾನೆ ಕೊಂಡ. ಅವನ 390ನೇ ಅಚ್ಚಿನ ತಲೆಗಳು ಲೆಕ್ಕವಿಲ್ಲದಷ್ಟು ಹೊರಬಿದ್ದವು. ಗಾಜಿನ ಕಣ್ಣು ಬೆಟ್ಟದ ಮೇಲಿನ ಲೌಶಾದಿಂದ ಬರುತ್ತಿತ್ತು. ಮೈ ಎಂದರೆ ಕಾಗದದ ತಿರುಳು, ಮರದ ಹೊಟ್ಟು, ಅಂಟು. ತಲೆ ಬಿಟ್ಟರೆ ಉಳಿದದ್ದನ್ನು ಹೆಚ್ಚಾಗಿ ಮನೆಮನೆಯಲ್ಲಿ ಗಂಡ ಹೆಂಡತಿ ಮಕ್ಕಳು ಕೂತು ಮಾಡುತ್ತಿದ್ದರು. ಒಂದು ಮನೆಯಲ್ಲಿ ಬರೀ ಕೈಕಾಲು, ಇನ್ನೊಂದರಲ್ಲಿ ಬರೀ ಕೂದಲು, ಮತ್ತೊಂದರಲ್ಲಿ ಹೊಲಿಗೆ. ಹೆಂಗಸರು ಬೆನ್ನಿಗೆ ದೊಡ್ಡ ಬುಟ್ಟಿ ಕಟ್ಟಿಕೊಂಡು ವ್ಯಾಪಾರಿಯ ಮನೆಗೆ ಹೊತ್ತು ಹಾಕಬೇಕಿತ್ತು. ದರ ಅವನು ಹೇಳಿದ್ದೇ. ಒಂದು ಕಾಲಕ್ಕೆ ಪ್ರಪಂಚದ ಆಟಿಕೆಯಲ್ಲಿ ಐದನೇ ಒಂದು ಪಾಲು ಈ ಸೀಮೆಯದು ಎನ್ನುತ್ತಾರೆ. ಆ ದುಡ್ಡು ಎಲ್ಲಿಗೆ ಹೋಯಿತು ಎಂಬುದಕ್ಕೆ ವ್ಯಾಪಾರಿಗಳು ಕಟ್ಟಿಸಿದ ಬಂಗಲೆಗಳೇ ಸಾಕ್ಷಿ.

ಹೊಲಿಗೆ ಮನೆಗಳಲ್ಲಿ ತಯಾರಾಗುತ್ತಿದ್ದ ಬಟ್ಟೆ ಏನು? ಹೆಚ್ಚಿನ ಗೊಂಬೆಗಳಿಗೆ ಒಂದು ತೆಳು ಹತ್ತಿಯ ಅಂಗಿ, ಅಂಚಿಗೆ ಅಗ್ಗದ ಲೇಸು, ಅಷ್ಟೇ. ಅದನ್ನು ತೊಡಿಸಿ ಡಬ್ಬಿಯಲ್ಲಿಟ್ಟು ಲಂಡನ್ನಿಗೋ ನ್ಯೂಯಾರ್ಕಿಗೋ ಕಳಿಸುತ್ತಿದ್ದರು. ಲಂಗ, ಕೋಟು, ಟೋಪಿ ಹೊಲಿಯುವುದು ಕೊಂಡವರ ಮನೆಯ ಅಮ್ಮನ ಕೆಲಸ. ಹರಾಜಿನಲ್ಲಿ “ಮೂಲ ಉಡುಪು” ಎಂದು ಕೂಗಿ ರೇಷ್ಮೆ ನೆರಿಗೆಯ ಗೊಂಬೆ ಮಾರುವವರನ್ನು ಕಂಡಾಗ ನನಗೆ ನಗು ಬರುವುದು ಇದಕ್ಕೇ.

ನಿಜವಾದ ಪಾಠ ಸಿಕ್ಕಿದ್ದು ಹಿಂದಿರುಗುವ ದಾರಿಯಲ್ಲಿ, ಚಿಕ್ಕ ಊರೊಂದರ ಹಳೆ ಸಾಮಾನಿನ ಸಂತೆಯಲ್ಲಿ. ಅಂಗಡಿಯ ಅಜ್ಜಿ ಒಂದು 390 ಎತ್ತಿ ಕೊಟ್ಟರು. ಕತ್ತಿನ ಹಿಂದೆ ಅಚ್ಚಿನ ಗುರುತು, ಜೊತೆಗೆ ದೇಶದ ಹೆಸರು. 1890ರ ಅಮೆರಿಕದ ಸುಂಕ ಕಾಯಿದೆಯ ನಂತರ ಅಲ್ಲಿಗೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕಿತ್ತು. ಅಜ್ಜಿ ಅದಕ್ಕೆ ಬೆಲೆ ಕೊಡಲಿಲ್ಲ. ಅಂಗಿಯ ಬೆನ್ನು ತಿರುಗಿಸಿ ಎರಡು ಗುಂಡುಸೂಜಿ ತೋರಿಸಿದರು. ಸೂಜಿಗೆ ತುಕ್ಕು ಹಿಡಿದಿತ್ತು. ತುಕ್ಕಿನ ಕಲೆ ಬಟ್ಟೆಯ ಮೇಲೂ, ಅದರಡಿಯ ಗೊಂಬೆಯ ಮೈಮೇಲೂ ಒಂದೇ ಜಾಗದಲ್ಲಿ ಕೂತಿತ್ತು. ಮಗಳು ತರ್ಜುಮೆ ಮಾಡಿದಳು: “ಇದನ್ನು ಯಾರೂ ಬಿಚ್ಚಿಲ್ಲ ಅಂತಾರಮ್ಮ.” ಆಮೇಲೆ ಪಕ್ಕದಲ್ಲಿದ್ದ ಇನ್ನೊಂದು ಗೊಂಬೆಯ ನೀಲಿ ಕಾಲರು ಮೆಲ್ಲಗೆ ಎತ್ತಿದರು. ಹೊರಗೆ ಬೂದಿ ಬಣ್ಣಕ್ಕೆ ತಿರುಗಿದ ಬಟ್ಟೆ ಕಾಲರಿನಡಿ ಇನ್ನೂ ಗಾಢ ನೀಲಿಯೇ. ಆ ಕಾಲರು ಅಲ್ಲೇ ಇಷ್ಟು ಕಾಲ ಕೂತಿದೆ ಎಂದಾಯಿತು. ನೈಲಾನ್ ಲೇಸು ಕಂಡರೆ ಮಾತೇ ಬೇಡ, ಅದು ಆಮೇಲೆ ಹಾಕಿದ್ದೇ. ನೈಲಾನ್ ಹೊರಗೆ ಬಂದದ್ದೇ 1938ರಲ್ಲಿ.

ನಾನು ತುಕ್ಕಿನ ಸೂಜಿಯ 390 ಕೊಂಡೆ. ನೂರು ಯೂರೋದೊಳಗೇ ಸಿಕ್ಕಿತು, ಏಕೆಂದರೆ ಇದು ಅಪರೂಪದ ತಲೆಯಲ್ಲ. ನೀಲಿ ಕಾಲರಿನ ಗೊಂಬೆಯನ್ನು ಬಿಟ್ಟು ಬಂದದ್ದಕ್ಕೆ ಇನ್ನೂ ಹೊಟ್ಟೆ ಉರಿಯುತ್ತದೆ. ಅದರ ಅಂಗಿ ಕಾರ್ಖಾನೆಯದಲ್ಲ, ಯಾರೋ ತಾಯಿ ತನ್ನ ಹಳೆಯ ಬಟ್ಟೆ ಕತ್ತರಿಸಿ ಹೊಲಿದದ್ದು. ಒಂದು ಕಡೆ ಹೊಲಿಗೆ ಅಂಕುಡೊಂಕು. ಸಂಗ್ರಾಹಕರ ಲೆಕ್ಕದಲ್ಲಿ ಅದು ಎರಡನೇ ದರ್ಜೆ. ನನ್ನ ಲೆಕ್ಕದಲ್ಲಿ ಅಲ್ಲ: ಮುಖ ಸಾವಿರಗಟ್ಟಲೆ ಇದೆ, ಆ ಅಂಗಿ ಇರುವುದು ಒಂದೇ.

ನಮ್ಮಲ್ಲಿ ಪದ್ಧತಿ ಬೇರೆ. ತವರಿನಿಂದ ಬಂದ ರಕ್ತಚಂದನದ ಪಟ್ಟದ ಗೊಂಬೆಗೆ ನವರಾತ್ರಿ ಬಂತೆಂದರೆ ಹೊಸ ಬಟ್ಟೆ, ಹೊಸ ಜರಿ. ರಾಜ ರಾಣಿಯರು ಹಳೆಯ ಬಟ್ಟೆಯಲ್ಲಿ ಕೂತರೆ ಶೋಭೆಯಲ್ಲ ಎಂದು ನಮ್ಮಜ್ಜಿಯೂ ಅನ್ನುತ್ತಿದ್ದರು. ಆ ಪದ್ಧತಿಯನ್ನು ನಾನು ಬಿಡುವವಳಲ್ಲ. ಆದರೆ ಬಿಚ್ಚಿದ ಹಳೆಯದು ಏನಾಗುತ್ತದೆ? ಹೆಚ್ಚಿನ ಮನೆಗಳಲ್ಲಿ ಒರೆಸುವ ಬಟ್ಟೆಯಾಗುತ್ತದೆ, ಇಲ್ಲವೇ ಕಸದ ಬುಟ್ಟಿಗೆ.

ಈ ಸಲ ಗೊಂಬೆ ಕೂರಿಸುವ ಮುನ್ನ ಒಂದು ಕೆಲಸ ಮಾಡಿ. ನಿಮ್ಮ ಪಟ್ಟದ ಗೊಂಬೆಯ ಮೇಲೆ ಅಜ್ಜಿಯ ಕಾಲದ ಪೇಟವೋ ಸೀರೆಯ ತುಂಡೋ ಇದ್ದರೆ ಒಗೆಯಬೇಡಿ, ಇಸ್ತ್ರಿ ಮಾಡಬೇಡಿ, ಬಿಸಿಲಿಗೆ ಹಾಕಬೇಡಿ. ಮೃದು ಬ್ರಷ್‌ನಿಂದ ಧೂಳು ಒರೆಸಿ, ಒಗೆದ ಬಿಳಿ ಮಸ್ಲಿನ್ನಿನಲ್ಲಿ ಮಡಿಕೆ ಬೀಳದಂತೆ ಸುತ್ತಿ. ಯಾರು ಹೊಲಿದದ್ದು, ಯಾವ ವರ್ಷ ಎಂದು ಚೀಟಿ ಬರೆದು ಜೊತೆಗಿಡಿ. ಹೇಳಬಲ್ಲವರು ಮನೆಯಲ್ಲಿ ಇರುವಾಗಲೇ ಕೇಳಿ ಬರೆಯಿರಿ.