ಮುಳ್ಳಿನ ಸುಳ್ಳು

ಬೆಂಗಳೂರಿನ ಪೀಣ್ಯದಲ್ಲಿ ತಗಡಿನ ಮಾಡಿನ ಒಂದು ಕಾರ್ಖಾನೆ. ಕಾರ್ಖಾನೆಯೆಂದರೆ ಹೆಚ್ಚಾದೀತು, ಒಂದು ಶೆಡ್ಡು, ನಾಲ್ವರು ಕೆಲಸಗಾರರು, ಗೋಡೆಗೆ ಒರಗಿಸಿಟ್ಟ ಅಚ್ಚುಗಳು, ಮೂಗಿಗೆ ಅಡರುವ ರೆಸಿನ್ ವಾಸನೆ. ಯಜಮಾನರು ಇಪ್ಪತ್ತು ವರ್ಷ ಗಾಜಿನ ನಾರಿನ ಮೇಲೆ ಕುಂಚದಿಂದ ರೆಸಿನ್ ಬಳಿದು, ತೊಟ್ಟಿ, ಮುಚ್ಚಳ, ಬಸ್ಸಿನ ಭಾಗಗಳನ್ನು ಮಾಡಿ ಸಂಸಾರ ಸಾಗಿಸಿದವರು. ಬಳಿಯುವ ಕಾಲ ಮುಗಿಯಿತು, ಇನ್ನು ಶೂನ್ಯದ ಕಾಲ ಬಂದಿತು ಎಂದು ಅವರನ್ನು ನಂಬಿಸಿದವನು, ಮಂಗಳೂರಿನಲ್ಲಿ ದೋಣಿ ಕಟ್ಟುವವರ ಬಳಿ ಕೆಲಸ ಕಲಿತು ಬಂದ ಅವರ ಸೋದರಳಿಯ.

ಆ ವಿದ್ಯೆ ಏನೆಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ಅಚ್ಚಿನ ಮೇಲೆ ಗಾಜುನಾರಿನ ಬಟ್ಟೆಯನ್ನು ಒಣದಾಗಿಯೇ ಪದರಪದರವಾಗಿ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸುತ್ತಲೂ ಅಂಟುಪಟ್ಟಿಯಿಂದ ಬಿಗಿಯುವರು. ಪಂಪು ಒಳಗಿನ ಗಾಳಿಯನ್ನು ಸೆಳೆದ ಮೇಲೆ ಹೊರಗಿನ ವಾಯುಮಂಡಲವು ಹಾಳೆಯ ಪ್ರತಿಯೊಂದು ಚದರ ಮೀಟರಿನ ಮೇಲೂ ಒಂಬತ್ತು ಟನ್ನಿಗೆ ಮೀರಿದ ಭಾರದಿಂದ ಕುಳಿತುಬಿಡುವುದು. ಆಗ ಇನ್ನೊಂದು ಕೊಳವೆಯ ಬಾಯಿಯನ್ನು ರೆಸಿನ್ ಬಕೆಟ್ಟಿನಲ್ಲಿ ಬಿಚ್ಚಿದರೆ, ಮಗು ಎಳನೀರು ಹೀರುವಂತೆ ಬಟ್ಟೆಯು ಅದನ್ನು ತಾನೇ ಹೀರಿಕೊಳ್ಳುವುದು. ಇದೇ ಊರಿನ ಎನ್.ಎ.ಎಲ್. ಸಂಸ್ಥೆಯವರು ಈ ದಾರಿಯಲ್ಲಿಯೇ ವಿಮಾನದ ಭಾಗಗಳನ್ನು ಮಾಡುವ ಒಂದು ವಿಧಾನವನ್ನು ರೂಪಿಸಿ ಅದಕ್ಕೆ 'ವೆರಿಟಿ' ಎಂದು ಹೆಸರಿಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಸತ್ಯವೆಂದು ಅರ್ಥ. ಪೀಣ್ಯದ ಶೆಡ್ಡಿನಲ್ಲಿ ಸತ್ಯವು ಅಷ್ಟು ಸುಲಭವಾಗಿ ಕೈಗೆ ಹತ್ತಲಿಲ್ಲ.

ಹುಡುಗನು ಮಂಗಳೂರಿನಿಂದ ತಂದಿದ್ದ ಆಸ್ತಿಯೆಂದರೆ ಒಂದು ಹಿತ್ತಾಳೆಯ ಗೇಜು. ಬಿಳಿಯ ಮುಖ, ಕರಿಯ ಮುಳ್ಳು. ಸೊನ್ನೆಯಿಂದ 760ರವರೆಗೆ ಪಾದರಸದ ಮಿಲಿಮೀಟರುಗಳ ಗುರುತು. ಅಲ್ಲಿ ಅದು 745 ತೋರಿಸುತ್ತಿದ್ದಿತು. ಇಲ್ಲಿ ಮೊದಲನೆಯ ದಿನವೇ 670ಕ್ಕೆ ಬಂದು ನಿಂತಿತು.

"ಎಲ್ಲಿಯೋ ಸೋರುತ್ತಿದೆ, ಮಾವ" ಎಂದನು ಹುಡುಗ.

ಸೋರಿಕೆಯ ಬೇಟೆ ಆರಂಭವಾಯಿತು. ಅಂಟುಪಟ್ಟಿಯನ್ನು ಮೊಳಮೊಳವಾಗಿ ಒತ್ತಿದರು, ಹಾಳೆಯ ಮಡಿಕೆಗಳಿಗೆ ಕಿವಿಯಿಟ್ಟು ಸಿಳ್ಳು ಕೇಳಿಸುವುದೋ ಎಂದು ಆಲಿಸಿದರು, ಕೊಳವೆಗಳನ್ನು ಬದಲಿಸಿದರು. ಮೂರು ದಿನ ಕಳೆದರೂ ಮುಳ್ಳು ಅಲ್ಲಾಡಲಿಲ್ಲ. ಕೊನೆಗೆ ಹುಡುಗನು ಪಂಪಿನ ಮೇಲೆ ತಪ್ಪು ಹೊರಿಸಿದನು. ಶೆಡ್ಡಿಗಾಗಿ ಅತ್ತೆಯ ನಾಲ್ಕು ಬಳೆಗಳು ಆಗಲೇ ಬ್ಯಾಂಕನ್ನು ಸೇರಿದ್ದವು; ಹೊಸ ಪಂಪಿಗಾಗಿ ಉಳಿದೆರಡೂ ಅದೇ ಹಾದಿ ಹಿಡಿದವು. ಹೊಸ ಪಂಪು ಬಂದಿತು. ಮುಳ್ಳು 672ಕ್ಕೆ ಏರಿತು. ಎರಡು ಬಳೆಗೆ ಎರಡು ಮಿಲಿಮೀಟರು!

ನೀರಿನ ತೊಟ್ಟಿಯ ಮುಚ್ಚಳ ರಿಪೇರಿಗೆಂದು ಬಂದ ನಿವೃತ್ತ ವಿಜ್ಞಾನದ ಮೇಷ್ಟರೊಬ್ಬರು ಈ ಕಥೆಯನ್ನೆಲ್ಲ ಕೇಳಿ, ಗೇಜನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಘಟ್ಟ ಹತ್ತಿ ಬರುವಾಗ ಕಿವಿ ಗಡಚಿಕ್ಕಲಿಲ್ಲವೇನಪ್ಪ?"

"ಆಯಿತು, ಸಾರ್."

"ಅಲ್ಲಿಯೇ ಬಿಟ್ಟು ಬಂದಿದ್ದೀಯೆ, ನೀನು ಹುಡುಕುತ್ತಿರುವ ಎಪ್ಪತ್ತು ಎಂಬತ್ತು ಮಿಲಿಮೀಟರು."

ಮೇಷ್ಟರು ವಿವರಿಸಿದರು. 1849ರಲ್ಲಿ ಫ್ರಾನ್ಸಿನ ಬೂರ್ದಾನ್ ಎಂಬವನು ಹಕ್ಕುಪತ್ರ ಪಡೆದ ಈ ಮಾದರಿಯ ಗೇಜಿನೊಳಗೆ ಬಿಲ್ಲಿನಂತೆ ಬಾಗಿದ ಒಂದು ಚಪ್ಪಟೆ ಕೊಳವೆಯಿದೆ. ಒಳಗಿನ ಗಾಳಿ ಕಡಮೆಯಾದಂತೆ ಹೊರಗಿನ ಗಾಳಿ ಅದನ್ನು ಇನ್ನಷ್ಟು ಬಾಗಿಸುವುದು. ಆ ಬಾಗು ಮುಳ್ಳನ್ನು ತಿರುಗಿಸುವುದು. ಒಳಗೆ ಎಷ್ಟು ಗಾಳಿ ಉಳಿದಿದೆಯೆಂಬುದು ಅದಕ್ಕೆ ತಿಳಿಯದು. ಹೊರಗಿಗಿಂತ ಒಳಗೆ ಎಷ್ಟು ಕಡಮೆ ಎಂಬುದಷ್ಟೇ ತಿಳಿಯುವುದು. ಕಡಲ ದಡದಲ್ಲಿ ಹೊರಗಿನ ಗಾಳಿಯ ಒತ್ತಡ 760. ಒಂಬೈನೂರು ಮೀಟರಿನ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 680. ಒಳಗನ್ನು ಬ್ರಹ್ಮಾಂಡದ ಶೂನ್ಯವನ್ನಾಗಿ ಮಾಡಿದರೂ ಇಲ್ಲಿ ಆ ಮುಳ್ಳು 680ನ್ನು ದಾಟಲಾರದು. ಮಡಿಕೇರಿಗೆ ಕೊಂಡೊಯ್ದರೆ ಇನ್ನೂ ಇಪ್ಪತ್ತು ಇಳಿದೀತು. 1648ರಲ್ಲಿ ಪ್ಯಾಸ್ಕಲನ ಅಕ್ಕನ ಗಂಡ ಪೆರಿಯೇ ಎಂಬವನು ಪಾದರಸದ ನಳಿಕೆಯನ್ನು ಹೊತ್ತು ಪ್ವಿ ದ ಡೋಮ್ ಬೆಟ್ಟವನ್ನು ಹತ್ತಿ, ಪಾದರಸ ಮೂರು ಅಂಗುಲಕ್ಕೂ ಹೆಚ್ಚು ಇಳಿದುದನ್ನು ಕಂಡು ಬೆರಗಾದನು. ಆತನಿಗೆ ಬೆರಗು, ಪೀಣ್ಯದವರಿಗೆ ಬಳೆ.

ಮೇಷ್ಟರು ಹೋದ ಮೇಲೆ ಯಜಮಾನರು ಹಳೆಯ ಪಂಪನ್ನು ಒರೆಸಿ, ಗೋಣಿಚೀಲ ಹೊದಿಸಿ, ಮೂಲೆಯಲ್ಲಿಟ್ಟರು. ಅಳಿಯನಿಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ಹುಡುಗನಿಗೆ ಆ ರಾತ್ರಿ ಊಟ ಸೇರುತ್ತಿತ್ತೋ ಏನೋ.

ಮಳೆಗಾಲದಲ್ಲಿ ದೊಡ್ಡದೊಂದು ಆರ್ಡರು ಬಂದಿತು: ಬಸ್ಸು ಕಟ್ಟುವವರಿಗೆ ಉದ್ದನೆಯ ಹಲಗೆಗಳು, ನಡುವೆ ಬಾಲ್ಸಾ ಮರದ ತಿರುಳು. ವೇಳೆ ಮೀರಿದರೆ ಹಣ ಕಡಿತ. ಮೊದಲನೆಯ ಹಲಗೆಯ ದಿನ ಬೆಳಿಗ್ಗೆಯಿಂದ ಮೂರು ಸಲ ಫೋನು ಬಂದಿದ್ದಿತು. ನಲವತ್ತು ಕಿಲೋ ರೆಸಿನ್ ಅಳೆದಿಟ್ಟಾಗಿತ್ತು. ಹಾರ್ಡನರ್ ಬೆರೆಸಿದರೆ ಮುಗಿಯಿತು. ಮತ್ತೆ ಹಿಂದೆಗೆಯುವಂತಿಲ್ಲ, ಮುಕ್ಕಾಲು ಗಂಟೆಯಲ್ಲಿ ಬಕೆಟ್ಟಿನಲ್ಲಿರುವುದೂ ಕಲ್ಲಾಗುವುದು.

ಗೇಜು 667 ತೋರುತ್ತಿದ್ದಿತು. ಯಜಮಾನರ ಮುಖ ಅರಳಿತು. ಹುಡುಗನು ಮಾತ್ರ ಈಗ ಗೇಜನ್ನು ಪಂಪಿನ ಬಳಿಯಿಂದ ಬಿಡಿಸಿ ಅಚ್ಚಿನ ಆಚೆಯ ತುದಿಗೆ ಸಿಕ್ಕಿಸಿದ್ದನು. ಪಂಪಿನ ಪಕ್ಕದಲ್ಲಿದ್ದರೆ ಅದು ಪಂಪಿನ ಯೋಗ್ಯತೆಯನ್ನು ಹೇಳೀತೇ ಹೊರತು ಚೀಲದ್ದನ್ನಲ್ಲ. ಪಂಪಿನ ಕೊಳವೆಯನ್ನು ಚಿಮುಟದಿಂದ ಬಿಗಿದು, ಗಡಿಯಾರವನ್ನೂ ಮುಳ್ಳನ್ನೂ ನೋಡುತ್ತ ಕುಳಿತನು. ಮುಳ್ಳು ಸರಸರನೆ ಇಳಿದು 660ಕ್ಕೆ ಬಂದಿತು, ಆಮೇಲೆ ನಿಧಾನವಾಯಿತು, 656ರಲ್ಲಿ ನಿಂತೇಬಿಟ್ಟಿತು.

"ಊರಿನ ಎತ್ತರದ ಲೆಕ್ಕ ತಾನೇ?" ಎಂದರು ಯಜಮಾನರು. ಹೌದು ಎಂದುಬಿಡಲಿ ಎಂಬ ಆಸೆ ಆ ದನಿಯಲ್ಲಿದ್ದಿತು.

ಹುಡುಗನು ಹಾರ್ಡನರ್ ಬಾಟಲಿಯನ್ನು ಕೆಳಗಿಟ್ಟನು. ಎತ್ತರವಾಗಿದ್ದರೆ ಮುಳ್ಳು ಮೊದಲೇ ತಗ್ಗಿನಲ್ಲಿ ನಿಲ್ಲಬೇಕು, ಆಮೇಲೆ ಇಳಿಯಬಾರದು. ತೂತಾಗಿದ್ದರೆ ಒಂದೇ ವೇಗದಲ್ಲಿ ಇಳಿಯುತ್ತಲೇ ಹೋಗಬೇಕು, ಹೀಗೆ ದಣಿದು ನಿಲ್ಲಬಾರದು. ದಣಿದು ನಿಲ್ಲುವುದು ನೀರಿನ ಲಕ್ಷಣ. ಇಪ್ಪತ್ತೈದು ಡಿಗ್ರಿ ಸೆಕೆಯಲ್ಲಿ ತೇವದ ಆವಿ ಸುಮಾರು ಇಪ್ಪತ್ತನಾಲ್ಕು ಮಿಲಿಮೀಟರು ಒತ್ತಡ ಕಟ್ಟಿ ಸುಮ್ಮನಾಗುವುದು. 680ರಲ್ಲಿ 24 ಕಳೆದರೆ 656.

"ತಿರುಳು ಮಳೆಯ ತೇವ ಕುಡಿದಿದೆ, ಮಾವ. ಇವತ್ತು ರೆಸಿನ್ ಬಿಟ್ಟರೆ ಹಲಗೆಯ ತುಂಬ ಗುಳ್ಳೆ. ಬೇಡ."

"ಅವರಿಗೆ ಏನು ಹೇಳಲೋ?"

"ನನ್ನ ತಪ್ಪು ಅಂತ ಹೇಳಿ. ಮೊದಲೇ ಒಣಗಿಸಬೇಕಾಗಿತ್ತು."

ಯಜಮಾನರು ಬಹಳ ಹೊತ್ತು ಗೇಜಿನ ಮುಖ ನೋಡಿದರು. ಆಮೇಲೆ ಅಳಿಯನ ಮುಖ ನೋಡಿದರು. ಫೋನು ತೆಗೆದುಕೊಂಡು ಹೊರಗೆ ಹೋದರು. ಒಳಗಿನವರಿಗೆ ಕೇಳಿಸಿದುದು "ನಮ್ಮದೇ ತಪ್ಪು, ಸ್ವಾಮಿ" ಎಂಬಷ್ಟೇ.

ಎರಡು ದಿನ ಬಾಲ್ಸಾ ತುಂಡುಗಳು ಯಜಮಾನರ ಮನೆಯ ನಡುಮನೆಯಲ್ಲಿ, ಹೀಟರಿನ ಸುತ್ತ, ಹಪ್ಪಳದಂತೆ ಹರಡಿಕೊಂಡಿದ್ದವು. ಮೂರನೆಯ ದಿನ ಮುಳ್ಳು 672ಕ್ಕೆ ಏರಿತು. ಚಿಮುಟ ಬಿಗಿದು ಅರ್ಧ ಗಂಟೆಯಾದರೂ 670ರ ಕೆಳಗೆ ಇಳಿಯಲಿಲ್ಲ. ಹಾರ್ಡನರ್ ಬೆರೆಯಿತು. ಕೊಳವೆ ಬಿಚ್ಚಿದೊಡನೆ ಬಿಳಿಯ ಬಟ್ಟೆಯ ಮೇಲೆ ಜೇನಿನ ಬಣ್ಣವು ಅಂಗುಲ ಅಂಗುಲವಾಗಿ ಹರಡತೊಡಗಿತು. ಯಾರೂ ಮಾತಾಡಲಿಲ್ಲ.

ಅತ್ತೆ ಫ್ಲಾಸ್ಕಿನಲ್ಲಿ ಕಾಫಿ ತಂದವರು ಗೇಜಿನ ಬಳಿ ನಿಂತು ಕಣ್ಣು ಕಿರಿದು ಮಾಡಿ ಓದಿದರು.

"ಇದೇನೋ, ಇನ್ನೂ 672ರಲ್ಲಿಯೇ ಇದೆ? 760 ಆಗಬೇಕು ಅಂತಲ್ಲವೇ ನನ್ನ ಬಳೆ ಒಯ್ದದ್ದು?"