ಮರವೇರುವವರ ಲೆಕ್ಕ

ಬಡಗಿಗೆ ಉಳಿಯುಂಟು, ಕಮ್ಮಾರನಿಗೆ ಕುಲುಮೆಯುಂಟು, ಅಧ್ಯಾಪಕರಿಗೆ ಸೀಮೆಸುಣ್ಣವುಂಟು. ಅಡಿಕೆಯ ಮರವೇರಿ ಬದುಕುವ ನಮಗೆ ಇರುವುದು ತಳೆ. ಎರಡು ಪಾದಗಳನ್ನೂ ಒಟ್ಟಿಗೆ ಹಿಡಿದಿಡುವ ಬಳೆ ಅದು; ನೋಡುವವರಿಗೆ ಕಾಲಿಗೆ ತೊಡಿಸಿದ ಸಂಕೋಲೆಯಂತೆ ಕಾಣುತ್ತದೆ. ಆದರೆ ಕಾಲನ್ನು ಕಟ್ಟುವ ಆ ವಸ್ತುವೇ ನಮ್ಮನ್ನು ಐವತ್ತು ಅರುವತ್ತು ಅಡಿಗಳ ಎತ್ತರಕ್ಕೆ ಒಯ್ಯುತ್ತದೆ. ನಮ್ಮ ವೃತ್ತಿಯ ಸ್ವಭಾವವೂ ಹೀಗೆಯೇ. ಜನರು ನಮ್ಮನ್ನು ಯಾರ ಹಂಗೂ ಇಲ್ಲದ ಸ್ವತಂತ್ರರೆಂದು ಕರೆಯುತ್ತಾರೆ. ಆ ಸ್ವಾತಂತ್ರ್ಯದಲ್ಲಿ ಕಟ್ಟು ಎಷ್ಟು, ಏರಿಕೆ ಎಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡುವುದೇ ಈ ಬರಹದ ಉದ್ದೇಶ.

ಕಾಸರಗೋಡಿನ ಬದಿಯಡ್ಕ, ಎಣ್ಮಕಜೆ, ಪೈವಳಿಕೆಗಳ ಸುತ್ತಿನ ತೋಟಗಳಲ್ಲಿ ಅಡಿಕೆಯ ಬೆಳೆಯನ್ನು ನುಂಗಬಲ್ಲ ಶತ್ರುವೆಂದರೆ ಕೊಳೆರೋಗ. ಮಹಾಳಿಯೆಂದೂ ಅದನ್ನು ಕರೆಯುವುದುಂಟು. ಜಡಿಮಳೆ ಹಿಡಿದು ನಡುವೆ ಬಿಸಿಲು ಮಿಂಚಿ ಮರೆಯಾದರೆ ಸಾಕು, ಎಳೆಗಾಯಿಗಳ ಮೇಲೆ ನೀರು ಹಿಡಿದಂತಹ ಕಲೆ ಮೂಡಿ, ಗೊನೆಗೆ ಗೊನೆಯೇ ಉದುರುತ್ತದೆ. ಮಲೆನಾಡಿನಲ್ಲಿ ಹಿಂದಿನವರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು 1910ರಲ್ಲಿ ಈ ರೋಗವನ್ನು ಕುರಿತು ಗ್ರಂಥರೂಪದ ವರದಿಯನ್ನು ಪ್ರಕಟಿಸಿದರು. ಬೋರ್ಡೋ ದ್ರಾವಣವು ಅಡಿಕೆಯ ತೋಟಕ್ಕೆ ಬಂದುದು ಅವರ ಪ್ರಯತ್ನದಿಂದ. ಕೊಟ್ಟೆಯಾಗಲಿ ದ್ರಾವಣವಾಗಲಿ, ಯಾರೋ ಒಬ್ಬನು ಮರವೇರಲೇಬೇಕು ಎಂಬ ಮಾತು ಮಾತ್ರ ಬದಲಾಗಲಿಲ್ಲ.

ಆ ದ್ರಾವಣವನ್ನು ಕೂಡಿಸುವ ಕ್ರಮವನ್ನು ವಿದ್ಯಾರ್ಥಿಗಳೂ ತಿಳಿದಿರುವುದು ಒಳ್ಳೆಯದು. ಒಂದು ಕಿಲೋ ಮೈಲುತುತ್ತನ್ನು 50 ಲೀಟರು ನೀರಿನಲ್ಲಿಯೂ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರು ನೀರಿನಲ್ಲಿಯೂ ಬೇರೆಬೇರೆಯಾಗಿ ಕರಗಿಸಬೇಕು. ಬಳಿಕ ತುತ್ತಿನ ನೀರನ್ನು ಸುಣ್ಣದ ನೀರಿಗೆ ಮೆಲ್ಲನೆ ಸುರಿಯುತ್ತ ಕದಡಬೇಕು. ಕೊನೆಗೆ ಹೊಳೆಯುವ ಚೂರಿಯ ಅಲಗನ್ನು ಅದರಲ್ಲಿ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸೇರಿಸಬೇಕು. ಇಲ್ಲವಾದರೆ ತುತ್ತು ಎಳೆಗಾಯಿಗಳನ್ನೇ ಸುಟ್ಟೀತು. ಕೂಡಿಸಿದ ಮದ್ದು ಅಂದಂದಿಗೆ ಮುಗಿಯಬೇಕು, ನಾಳೆಗೆ ಒದಗದು. ಮಳೆಗಾಲ ಹಿಡಿಯುವ ಮೊದಲು ಒಂದು ಸಲ, ಅದಾಗಿ 40–45 ದಿನಗಳಿಗೆ, ಎಂದರೆ ಆಟಿಯ ತಿಂಗಳ ಸುಮಾರಿಗೆ, ಇನ್ನೊಂದು ಸಲ ಮದ್ದು ಬಿಡಬೇಕು.

ನಮ್ಮ ಕಷ್ಟದ ಬೇರು ಇರುವುದು ಈ ಕಾಲನಿಯಮದಲ್ಲಿಯೇ. ಎಲ್ಲ ತೋಟಗಳಿಗೂ ಒಂದೇ ವಾರದಲ್ಲಿ ಮದ್ದು ಆಗಬೇಕು. ಕಂತ್ರಾಟುದಾರನು ಹತ್ತು ತೋಟಗಳನ್ನು ಒಪ್ಪಿಕೊಳ್ಳುತ್ತಾನೆ. ತನ್ನ ಜನರಿಂದ ಐದು ಮಾತ್ರ ಸಾಗುವುದೆಂದು ತಿಳಿದಾಗ ಮಿಕ್ಕ ಐದನ್ನು ನಮಗೆ ಒಳಗುತ್ತಿಗೆಯಾಗಿ ವಹಿಸುತ್ತಾನೆ. ತಳೆ ನಮ್ಮದು, ಪೈಪು ನಮ್ಮದು, ಪಂಪಿನ ಬಾಡಿಗೆ ನಮ್ಮದು. ಕೂಲಿ ಕೆಲವೆಡೆ ಮರದ ಲೆಕ್ಕ, ಕೆಲವೆಡೆ ಪೀಪಾಯಿಯ ಲೆಕ್ಕ, ಕೆಲವೆಡೆ ದಿನದ ಲೆಕ್ಕ. ಬೆಳಗ್ಗೆ ಮದ್ದು ಕೂಡಿಸಿದ ಮೇಲೆ ಮಳೆ ಸುರಿಯಿತೆನ್ನೋಣ. ಹಾಳಾದ ತುತ್ತಿನ ಬೆಲೆ ಯಾರದು? ವ್ಯರ್ಥವಾದ ದಿನ ಯಾರದು? ತೋಟಕ್ಕೆ ಕಾಲಿಟ್ಟೊಡನೆ ಧನಿಗಳು ಕೇಳುವುದು, “ನೀವು ಯಾರ ಕಡೆಯವರು?” ಎಂದು. ಅದಕ್ಕೆ ಉತ್ತರ ಸುಲಭ. ಆದರೆ ನಷ್ಟವಾದ ದಿನ ಅದೇ ಪ್ರಶ್ನೆಯನ್ನು ನಾವು ಕೇಳಿದರೆ ಉತ್ತರ ಬರುವುದಿಲ್ಲ.

ಒಂದು ಆಟಿಯಲ್ಲಿ ನಮ್ಮ ಗುಂಪಿನ ಗೆಳೆಯನೊಬ್ಬನು ಪಾಚಿ ಕಟ್ಟಿದ ಮರದಿಂದ ಜಾರಿ ಬಿದ್ದನು. ಪ್ರಾಣ ಉಳಿಯಿತು, ಸೊಂಟ ಉಳಿಯಲಿಲ್ಲ. ಧನಿಗಳು ನಿರ್ದಯರಲ್ಲ, ಆಸ್ಪತ್ರೆಗೆ ಒಯ್ಯಲು ತಮ್ಮ ವಾಹನವನ್ನೇ ಕೊಟ್ಟರು. ಆದರೆ ಚಿಕಿತ್ಸೆಯ ವೆಚ್ಚದ ಮಾತು ಬಂದಾಗ, “ನಾವು ಕಂತ್ರಾಟುದಾರನಿಗೆ ಕೊಟ್ಟಾಗಿದೆ” ಎಂದರು. ಕಂತ್ರಾಟುದಾರನು, “ನಾನು ಇವರಿಗೆ ವಹಿಸಿದ್ದೆ” ಎಂದನು. ನಾವು ತೋರಿಸುವುದಕ್ಕೆ ನಮ್ಮ ಕೆಳಗೆ ಯಾರೂ ಇರಲಿಲ್ಲ, ಇದ್ದುದು ನೆಲವೊಂದೇ. ಆರು ಮಂದಿ ಜತೆಗಾರರು ಎರಡು ವಾರಗಳ ಕೂಲಿಯನ್ನು ಕೂಡಿಸಿ ಕೊಟ್ಟೆವು. ಆ ಗೆಳೆಯ ಈಗ ಅಂಗಳದಲ್ಲಿ ಕುಳಿತು ಅಡಿಕೆ ಸುಲಿಯುತ್ತಾನೆ. ತೋಟದ ಕಡೆಗೆ ಬೆನ್ನು ಮಾಡಿಯೇ ಕುಳಿತುಕೊಳ್ಳುತ್ತಾನೆ.

ಅಂದಿನಿಂದ ನಾವು ಒಂದು ನೋಟುಪುಸ್ತಕವನ್ನು ಇಟ್ಟುಕೊಂಡಿದ್ದೇವೆ. ತಳೆ ಹಾಕುವ ಮೊದಲು ಅದರಲ್ಲಿ ಐದು ಸಾಲು ಬರೆಯುತ್ತೇವೆ: ಮರಗಳೆಷ್ಟು, ದರವೆಷ್ಟು, ಮಳೆಯಿಂದ ಕೆಟ್ಟ ಮದ್ದು ಯಾರ ಪಾಲು, ಒದ್ದೆಮರವನ್ನು ಏರದೆ ನಿಲ್ಲುವ ಅಧಿಕಾರ ಯಾರದು, ಬಿದ್ದರೆ ವೆಚ್ಚ ಯಾರದು. ಧನಿಗಳಿಗಾಗಿ ಕನ್ನಡದಲ್ಲಿ, ಕಂತ್ರಾಟುದಾರನು ಮಲಯಾಳಿಯಾದರೆ ಅವನಿಗಾಗಿ ಮಲಯಾಳದಲ್ಲಿಯೂ ಬರೆದು, ಮೂವರೂ ರುಜು ಹಾಕುತ್ತೇವೆ. ರುಜು ಹಾಕಲೊಲ್ಲದ ತೋಟಗಳನ್ನು ಬಿಟ್ಟದ್ದುಂಟು. ಆ ವಾರದ ಗಂಜಿಗೆ ಅದರಿಂದ ಕುಂದು ಬಂದುದೂ ಉಂಟು.

“ಇದು ಅಪನಂಬಿಕೆಯಲ್ಲವೆ? ಬಾಯಿಮಾತಿಗೆ ಬೆಲೆಯಿಲ್ಲವೆ?” ಎಂದು ಕೇಳುವ ಹಿರಿಯರಿದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೇ: ಮದ್ದಿನಲ್ಲಿ ಚೂರಿಯನ್ನು ಅದ್ದಿ ನೋಡುವುದು ಸುಣ್ಣದ ಮೇಲಿನ ಅಪನಂಬಿಕೆಯಿಂದಲ್ಲ. ಗೊನೆ ಸುಡಬಾರದು ಎಂಬುದಕ್ಕಾಗಿ. ಬಾಯಿಮಾತು ಒಳ್ಳೆಯದೇ, ಆದರೆ ಅದು ಮೂರು ಬಾಯಿಗಳನ್ನು ದಾಟಿ ನಮ್ಮ ಬಳಿಗೆ ಬರುವಷ್ಟರಲ್ಲಿ ಹದ ತಪ್ಪಿರುವ ಸಂಭವವುಂಟು.

ತೆಂಗಿನ ಮರವೇರುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಕೇರಳದಲ್ಲಿ ತರಬೇತಿಯನ್ನು ಆರಂಭಿಸಿತು. ಅವರಿಗೆ ‘ಕೇರ ಸುರಕ್ಷಾ’ ಎಂಬ ಅಪಘಾತವಿಮೆಯೂ ಉಂಟು. ಅಡಿಕೆಯ ತೋಟಕ್ಕೆ ಈಗ ಕಾರ್ಬನ್ ಫೈಬರಿನ ದೋಟಿ ಬಂದಿದೆ. ನೆಲದ ಮೇಲೆಯೇ ನಿಂತು ಗೊನೆ ಕೊಯ್ಯಬಹುದು, ಮದ್ದನ್ನೂ ಬಿಡಬಹುದು. ನಮ್ಮ ಕೆಲಸ ಕಡಿಮೆಯಾದೀತೆಂಬ ಅಳುಕು ನಮಗಿಲ್ಲದಿಲ್ಲ. ಆದರೂ ದೋಟಿಯನ್ನು ನಾವು ಹಳಿಯಲಾರೆವು. ಅದು ಜಾರಿ ಬಿದ್ದರೆ ಯಾವ ಮನೆಯ ಒಲೆಯೂ ಆರುವುದಿಲ್ಲ. ದೋಟಿ ಹಿಡಿದವನಿಗೂ ಒಳಗುತ್ತಿಗೆ ತಪ್ಪಿದ್ದಲ್ಲ ಎಂಬುದನ್ನು ಮಾತ್ರ ಮರೆಯಕೂಡದು.

ಅಧ್ಯಾಪಕ ಮಿತ್ರರಲ್ಲಿ ಒಂದು ವಿಜ್ಞಾಪನೆ. ಒಂಬತ್ತು ಅಡಿಗೊಂದರಂತೆ ನೆಟ್ಟ ಒಂದು ಎಕರೆ ತೋಟದಲ್ಲಿ ಮರಗಳೆಷ್ಟು ಎಂಬ ಲೆಕ್ಕವನ್ನು ತರಗತಿಯಲ್ಲಿ ಕೊಡಿರಿ. ಸುಮಾರು 537 ಎಂದು ಮಕ್ಕಳು ಸರಿಯಾಗಿಯೇ ಹೇಳುವರು. ಅದರ ಜತೆಗೆ ಇನ್ನೂ ಒಂದನ್ನು ಕೊಡಿರಿ: ಆ ಮರಗಳನ್ನು ಏರುವವನ ಕರಾರುಪತ್ರವನ್ನು ಸ್ಪಷ್ಟವಾದ ಕನ್ನಡದಲ್ಲಿ ಐದು ಸಾಲಿಗೆ ಮೀರದಂತೆ ಬರೆಯಿರಿ, ಎಂದು. ನಮ್ಮ ಗುಂಪಿನಲ್ಲಿ ಅದನ್ನು ಬರೆಯಬಲ್ಲವರು ಇಬ್ಬರೇ. ಇಬ್ಬರೂ ನಿಮ್ಮಂತಹ ಕನ್ನಡ ಶಾಲೆಯಲ್ಲಿಯೇ ಓದಿದವರು. ಮೂರನೆಯವನು ಎಂದು ಬರುವನೆಂದು ಕಾಯುತ್ತಿದ್ದೇವೆ.