ಮಾದಾಪುರದ ಸೂರ್ಯ ಇಪ್ಪತ್ತೇಳು ನಿಮಿಷ ಲೇಟು

ಹುಟ್ಟಾ ಗೂಬೆ ನಾನು. ರಾತ್ರಿ ಒಂದು ಗಂಟೆಯವರೆಗೆ ಉತ್ತರಪತ್ರಿಕೆ ತಿದ್ದಲು ಹೇಳಿ, ಆಯಾಸವೇ ಇಲ್ಲ. ಬೆಳಿಗ್ಗೆ ಆರಕ್ಕೆ ಏಳು ಎನ್ನಿ, ಕುಂಭಕರ್ಣನ ಖಾಸಾ ತಮ್ಮ. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದವನಿಗೇ ವಿದ್ಯೆ ಎಂದು ಅಪ್ಪ ಮುಖಕ್ಕೆ ತಣ್ಣೀರು ಎರಚಿದ್ದೂ ಉಂಟು. ವಿದ್ಯೆ ಹೇಗೋ ಒಲಿಯಿತು, ಮುಹೂರ್ತ ಮಾತ್ರ ಒಲಿಯಲಿಲ್ಲ. ಇಂಥ ನನಗೆ 2016ರಲ್ಲಿ ಕೊಡಗಿನ ಮಾದಾಪುರಕ್ಕೆ ವರ್ಗವಾಯಿತು.

ಮಡಿಕೇರಿಯಿಂದ ಮಕ್ಕಂದೂರು, ಹಟ್ಟಿಹೊಳೆ ದಾಟಿ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿ ಸಿಗುವ ಊರಿದು. ಸುಂಟಿಕೊಪ್ಪದ ರಸ್ತೆ ಬಂದು ಕೂಡುವುದೂ ಇಲ್ಲೇ. ಸುತ್ತ ಗುಡ್ಡ, ಗುಡ್ಡದ ತುಂಬ ಕಾಫಿ, ಕಾಫಿಯ ನಡುವೆ ಸಿಲ್ವರ್ ಓಕ್, ಅದಕ್ಕೆ ತಬ್ಬಿದ ಮೆಣಸಿನ ಬಳ್ಳಿ. ಕೆಳಗೆ ಹಾರಂಗಿಯನ್ನು ಸೇರಲು ಹೊರಟ ಹೊಳೆ. ರಾತ್ರಿ ಎಂಟಕ್ಕೆಲ್ಲ ಊರು ಕದ ಮುಚ್ಚಿಕೊಳ್ಳುತ್ತದೆ. ಬೆಳಗಾಗುವ ಮೊದಲೇ ತೋಟದ ಕೆಲಸದವರನ್ನು ತುಂಬಿಕೊಂಡ ಜೀಪುಗಳ ಸದ್ದು. ಊರಿಗೆ ಊರೇ ಎದ್ದಿರುವಾಗ ಹೊದ್ದು ಮಲಗಿದ ಮೇಷ್ಟರ ಮನೆಯ ಕಿಟಕಿ ಎಲ್ಲರ ಕಣ್ಣಿಗೂ ಬೀಳುತ್ತಿತ್ತು.

ಮೊದಲ ಜನವರಿಯಲ್ಲೇ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೆಳಿಗ್ಗೆ ಎಂಟಕ್ಕೆ ವಿಶೇಷ ತರಗತಿ ನನ್ನ ಪಾಲಿಗೆ ಬಂತು. ಎರಡು ಅಲಾರಂ ಇಟ್ಟು, ಚಹಾ ಸುರಿದುಕೊಂಡು, ಕಣ್ಣುರಿಯುತ್ತ ಹೋಗುತ್ತಿದ್ದೆ. ತೋಟದ ಲೈನ್ ಮನೆಯಿಂದ ನಡೆದು ಬರುವ ಹುಡುಗನೊಬ್ಬ ದಿನವೂ ಎಂಟೂಕಾಲಕ್ಕೆ ಬರುತ್ತಿದ್ದ. ನಾಲ್ಕನೆಯ ದಿನ ಅವನನ್ನು ಹೊರಗೆ ನಿಲ್ಲಿಸಿದೆ. ಅವನು ವಾದಿಸಲಿಲ್ಲ. ಮಂಜಿನಲ್ಲಿ ಕೈ ಕಂಕುಳಿಗೆ ಸೇರಿಸಿಕೊಂಡು ನಿಂತ. ಒಳಗೆ ಬೆಳಕಿನ ವಕ್ರೀಭವನ ಹೇಳುತ್ತಿದ್ದ ನನಗೆ ನನ್ನ ಅಪ್ಪನ ತಣ್ಣೀರು ನೆನಪಾಯಿತು.

ಆ ರಾತ್ರಿ ಎಂದಿನಂತೆ ನಿದ್ದೆ ಇಲ್ಲ. ಭೂಪಟ ತೆಗೆದು ಲೆಕ್ಕಕ್ಕೆ ಕುಳಿತೆ. ನಮ್ಮ ಗಡಿಯಾರ ನಡೆಯುವುದು ಉತ್ತರಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ ಪ್ರಕಾರ. ಮಾದಾಪುರ ಇರುವುದು ಸುಮಾರು 75.8 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿನ ಸೂರ್ಯ ಗಡಿಯಾರಕ್ಕಿಂತ ಇಪ್ಪತ್ತೇಳು ನಿಮಿಷ ಹಿಂದೆ! ಅಸ್ಸಾಮಿನ ಚಹಾ ತೋಟದವರು ಸೂರ್ಯ ಬೇಗ ಹುಟ್ಟುತ್ತಾನೆಂದು ಗಡಿಯಾರವನ್ನೇ ಒಂದು ಗಂಟೆ ಮುಂದಿಟ್ಟು, ಅದನ್ನು 'ಬಾಗಾನ್ ಟೈಮ್' ಎಂದರು. ನಮ್ಮ ಕಾಫಿ ತೋಟದವರು ಹಿಂದಿಡಬೇಕಿತ್ತು, ಇಡಲಿಲ್ಲ. ಜನವರಿಯಲ್ಲಿ ಇಲ್ಲಿ ಸೂರ್ಯೋದಯವೇ ಆರೂಮುಕ್ಕಾಲು ದಾಟಿ. ಗುಡ್ಡ ಹತ್ತಿ, ಮಂಜು ಸೀಳಿ ಬಿಸಿಲು ಅಂಗಳಕ್ಕೆ ಇಳಿಯುವುದು ಇನ್ನೂ ತಡ. ಸೂರ್ಯನ ಲೆಕ್ಕದಲ್ಲಿ ಹುಡುಗ ಎಂಟಕ್ಕೆ ಮೊದಲೇ ಬಂದಿದ್ದ.

ಅದಕ್ಕಿಂತ ದೊಡ್ಡ ಗಡಿಯಾರ ಒಳಗಿದೆ. 1729ರಲ್ಲಿ ಫ್ರಾನ್ಸಿನ ಖಗೋಳಜ್ಞ ಡಿ ಮೈರಾನ್ ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲೆಯಲ್ಲಿಟ್ಟ. ಬಿಸಿಲು ಕಾಣದಿದ್ದರೂ ಅದು ಹಗಲಾದಾಗ ಎಲೆ ಬಿಚ್ಚಿತು, ರಾತ್ರಿ ಮುಚ್ಚಿತು. ಇಂಥ ಒಳಗಡಿಯಾರ ಹೇಗೆ ನಡೆಯುತ್ತದೆಂದು ಹಣ್ಣಿನ ನೊಣದಲ್ಲಿ ಕಂಡುಹಿಡಿದ ಹಾಲ್, ರಾಸ್‌ಬಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ನಮ್ಮಲ್ಲಿ ಅನೇಕರ ಒಳಗಡಿಯಾರಕ್ಕೆ ಒಂದು ಸುತ್ತಿಗೆ ಇಪ್ಪತ್ನಾಲ್ಕು ಗಂಟೆಗಿಂತ ತುಸು ಹೆಚ್ಚು ಬೇಕು. ಮುಂಜಾನೆಯ ಬೆಳಕು ಕಣ್ಣಿನ ಮೂಲಕ ಮಿದುಳಿಗೆ ಮುಟ್ಟಿ ಅದನ್ನು ದಿನವೂ ಸರಿಪಡಿಸುತ್ತದೆ. ಹದಿಹರೆಯದಲ್ಲಿ ಈ ಗಡಿಯಾರ ಇನ್ನಷ್ಟು ಹಿಂದೆ ಸರಿಯುತ್ತದೆ. ಸೋಮಾರಿತನವೆಂದು ನಾವು ಬೈಯುವುದರಲ್ಲಿ ಬಹುಪಾಲು ಇದೇ.

ರಸ್ತೆ ಬದಿಯಲ್ಲಿ ಬೇಕಾದಷ್ಟು ಮುಟ್ಟಿದರೆ ಮುನಿ. ಒಂದನ್ನು ಕುಂಡಕ್ಕೆ ಹಾಕಿ ಪ್ರಯೋಗಾಲಯದ ಬೀರುವಿನಲ್ಲಿಟ್ಟೆವು. ಮರುದಿನ ಬಾಗಿಲು ತೆರೆದಾಗ ಎಲೆ ಬಿಚ್ಚಿ ನಿಂತಿತ್ತು. 'ನನ್ನ ಒಳಗಿನದು ಸ್ಲೋ ಇರ್ಬೇಕು ಸಾರ್' ಎಂದ ಆ ಹುಡುಗ. 'ನನ್ನದೂ' ಎಂದೆ. ತರಗತಿ ಎಂಟೂವರೆಗೆ ಸರಿಯಿತು.

ನನ್ನ ರೋಗಕ್ಕೂ ಮದ್ದು ಅಲ್ಲೇ ಇತ್ತು. ಚಳಿಗೆ ಕಿಟಕಿ ಬಿಗಿದು, ಟ್ಯೂಬ್‌ಲೈಟಿನ ಕೆಳಗೆ ಸರಿರಾತ್ರಿ ಮಾಡುವುದನ್ನು ಬಿಟ್ಟೆ. ಎದ್ದವನೇ ಹೊಳೆಯ ಸೇತುವೆಯವರೆಗೆ ನಡೆಯತೊಡಗಿದೆ. ಮಳೆಗಾಲದ ನಸುಕಿನಲ್ಲಿ ಮಲಬಾರ್ ವಿಸ್ಲಿಂಗ್ ಥ್ರಷ್ ಹೊಳೆಯಂಚಿನಲ್ಲಿ ರಾಗ ಮರೆತ ಹುಡುಗನಂತೆ ಸಿಳ್ಳೆ ಹಾಕುತ್ತದೆ. ಅದಕ್ಕೇ ಇಂಗ್ಲಿಷರು ಅದನ್ನು 'ಸಿಳ್ಳೆ ಹಾಕುವ ಶಾಲಾ ಹುಡುಗ' ಎಂದು ಕರೆದರು. ಮಾರ್ಚ್ ಏಪ್ರಿಲಿನಲ್ಲಿ ಹೂಮಳೆ ಬಿದ್ದ ವಾರಕ್ಕೆ ಒಂದು ಬೆಳಿಗ್ಗೆ ಗುಡ್ಡವಿಡೀ ಬೆಳ್ಳಗೆ ಅರಳಿರುತ್ತದೆ. ಐವತ್ತರ ಅಂಚಿನವರೆಗೆ ಇದೆಲ್ಲ ನಡೆಯುತ್ತಲೇ ಇತ್ತು, ನಾನು ಮಲಗಿದ್ದೆ. ಒಂದೆರಡು ತಿಂಗಳಿಗೆ ಅಲಾರಂ ಬೇಡವಾಯಿತು. ಸಾಲುರಜೆ ಬಂದರೆ ಗೂಬೆ ಮತ್ತೆ ರೆಕ್ಕೆ ಬಿಚ್ಚುವುದೂ ನಿಜ.

2018ರ ಆಗಸ್ಟ್ ನಡುವಿನಲ್ಲಿ ಗುಡ್ಡಗಳು ಜರಿದವು. ಮಕ್ಕಂದೂರು, ಹಟ್ಟಿಹೊಳೆ ಕಡೆ ಮನೆ, ಗದ್ದೆ, ತೋಟ ಮಣ್ಣಿನಡಿ ಹೋದವು. ಮಡಿಕೇರಿಯ ರಸ್ತೆ ಕಡಿಯಿತು. ಮನೆ ಕಳೆದುಕೊಂಡವರಿಗೆ ಮುಂದೆ ಸಮೀಪದ ಜಂಬೂರಿನಲ್ಲಿ ಹೊಸ ಮನೆಗಳ ಸಾಲು ಎದ್ದಿತು. ಮರುವರ್ಷ ಜುಲೈಯಲ್ಲಿ ರಾತ್ರಿಯಿಡೀ ಮಳೆ ಹೊಯ್ದ ಒಂದು ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲಿ ಅರ್ಧ ತರಗತಿ ತೂಕಡಿಸುತ್ತಿತ್ತು. ಯಾಕ್ರೋ ಎಂದೆ. ಹುಡುಗಿಯೊಬ್ಬಳು ಎದ್ದು ಹೇಳಿದಳು: 'ಮಳೆ ಬಂದ್ರೆ ಮನೇಲಿ ಯಾರೂ ಮಲಗಲ್ಲ ಸಾರ್. ಗುಡ್ಡದ ಸದ್ದು ಕೇಳ್ತಾ ಕೂತಿರ್ತೀವಿ.'

ಆ ರಾತ್ರಿ ನಾನೂ ಎಚ್ಚರವಿದ್ದೆ, ಅಭ್ಯಾಸಬಲದಿಂದ, ಕೈಯಲ್ಲಿ ಪುಸ್ತಕ ಹಿಡಿದು. ಅವರ ಎಚ್ಚರವೇ ಬೇರೆ. ಅದಕ್ಕೆ ನನ್ನ ಗಡಿಯಾರದ ಪಾಠದಲ್ಲಿ ಉತ್ತರವಿರಲಿಲ್ಲ.

ಸಹೋದ್ಯೋಗಿಗಳನ್ನು ಕೇಳಿ ಮಳೆಗಾಲಕ್ಕೆ ವಿಜ್ಞಾನವನ್ನು ಮೂರನೆಯ ಪೀರಿಯಡ್‌ಗೆ ಹಾಕಿಸಿಕೊಂಡೆ. ಮೊದಲನೆಯದರಲ್ಲಿ ಚಿತ್ರಕಲೆ. ತಲೆ ಮೇಜಿಗೆ ಒರಗಿದರೂ ಯಾರೂ ಎಬ್ಬಿಸುವುದಿಲ್ಲ.